ದೈನಂದಿನ ಗಣಿತ

ದೈನಂದಿನ ಗಣಿತ ಎಂದರೆ ಮನೆ, ಜಮೀನು, ಅಂಗಡಿ, ಬ್ಯಾಂಕು ಮತ್ತು ಪ್ರಯಾಣಗಳಲ್ಲಿ ಎದುರಾಗುವ ಲೆಕ್ಕಗಳಿಗೆ ಅಂಕಗಣಿತ, ಕ್ಷೇತ್ರಗಣಿತ ಹಾಗೂ ಸಂಖ್ಯಾಶಾಸ್ತ್ರದ ಮೂಲ ನಿಯಮಗಳನ್ನು ಅನ್ವಯಿಸುವ ಕ್ರಮ. ಕನ್ನಡದಲ್ಲಿ ಇದಕ್ಕೆ 'ವ್ಯವಹಾರಗಣಿತ' ಎಂಬ ಹಳೆಯ ಹೆಸರೂ ಇದೆ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ಶೇಕಡಾ, ಅನುಪಾತ, ವಿಸ್ತೀರ್ಣ ಮತ್ತು ಸರಾಸರಿ ಇವಿಷ್ಟರಿಂದಲೇ ಬಹುಪಾಲು ಲೆಕ್ಕಗಳು ಮುಗಿಯುತ್ತವೆ. ಇಂತಹ ಲೆಕ್ಕಗಳಲ್ಲಿ ನಷ್ಟ ತರುವ ತಪ್ಪುಗಳು ಹೆಚ್ಚಾಗಿ ಗುಣಾಕಾರ ಭಾಗಾಕಾರಗಳಲ್ಲಿ ಆಗುವುದಿಲ್ಲ. ಶೇಕಡಾ ಯಾವ ಮೊತ್ತದ ಮೇಲೆ, ಅಳತೆ ಯಾವ ಮಾನದಲ್ಲಿ, ಸರಾಸರಿ ಯಾವುದರದು ಎಂಬುದನ್ನು ಗಮನಿಸದಿದ್ದಾಗ ಆಗುತ್ತವೆ. ಈ ಲೇಖನದ ಉದಾಹರಣೆಗಳನ್ನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಮತ್ತು ಕಾರವಾರ ತಾಲ್ಲೂಕುಗಳ ಜನಜೀವನದಿಂದ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ವ್ಯವಹಾರಕ್ಕೆ ಬೇಕಾದ ಗಣಿತದ ಗ್ರಂಥಗಳಿಗೆ ದೀರ್ಘ ಪರಂಪರೆಯಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಬಡ್ಡಿ, ಪಾಲು ಹಂಚಿಕೆ ಮತ್ತು ಕ್ಷೇತ್ರಫಲದ ಲೆಕ್ಕಗಳು ಅದರಲ್ಲಿವೆ. ಕ್ಷೇತ್ರಫಲವನ್ನು ಹೇಳುವಾಗ ಆತನು ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಫಲವನ್ನೂ ನಿಖರವಾದ ಸೂಕ್ಷ್ಮ ಫಲವನ್ನೂ ಬೇರೆ ಬೇರೆಯಾಗಿ ಕೊಡುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಕೃತಿಗಳನ್ನು ಬರೆದನು. ಕನ್ನಡದ ಗಣಿತಗ್ರಂಥಕಾರರಲ್ಲಿ ಆತನು ಮೊದಲಿಗನೆಂದು ಪರಿಗಣಿತನಾಗಿದ್ದಾನೆ.

ಭೂಮಿಯ ಅಳತೆ

ಉತ್ತರ ಕನ್ನಡದಲ್ಲಿ ಜಮೀನನ್ನು ಎಕರೆ, ಗುಂಟೆ ಮತ್ತು ಆಣೆಗಳಲ್ಲಿ ಹೇಳುವುದು ರೂಢಿ. ಹಿಂದೆ ಒಂದೇ ಆಗಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಭಾಗವು ಮದರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. ಆದುದರಿಂದ ಕಾರವಾರದ ಕಡೆ ಗುಂಟೆಯೂ ಮಂಗಳೂರಿನ ಕಡೆ ಸೆಂಟ್ಸೂ ಇಂದಿಗೂ ಬಳಕೆಯಲ್ಲಿವೆ. ಇವುಗಳ ಸಂಬಂಧ ಹೀಗಿದೆ:

- 1 ಎಕರೆ = 40 ಗುಂಟೆ = 100 ಸೆಂಟ್ಸ್ = 43,560 ಚದರ ಅಡಿ
- 1 ಗುಂಟೆ = 16 ಆಣೆ = 2.5 ಸೆಂಟ್ಸ್ = 1,089 ಚದರ ಅಡಿ (33 ಅಡಿ ಉದ್ದ, 33 ಅಡಿ ಅಗಲದ ಚೌಕ)
- 1 ಆಣೆ = ಸುಮಾರು 68 ಚದರ ಅಡಿ
- 1 ಹೆಕ್ಟೇರ್ = ಸುಮಾರು 2.47 ಎಕರೆ

ರೂಪಾಯಿಗೆ 16 ಆಣೆಯ ಪದ್ಧತಿಯು 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂದಾಗ ಕೊನೆಗೊಂಡಿತು. ಜಮೀನಿನ ಆಣೆ ಮಾತ್ರ ಉಳಿದುಕೊಂಡಿದೆ. ಈ ಮಾನಗಳು ದಶಮಾಂಶದವಲ್ಲ ಎಂಬುದು ಲೆಕ್ಕದಲ್ಲಿ ಮುಖ್ಯ. ಪಹಣಿಯಲ್ಲಿ 2-20 ಎಂದಿದ್ದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನು 2.20 ಎಕರೆ ಎಂದು ಓದಿ ಬೆಲೆ ಕಟ್ಟಿದರೆ 12 ಗುಂಟೆ ಜಮೀನು ಲೆಕ್ಕದಿಂದಲೇ ಮಾಯವಾಗುತ್ತದೆ. ಹಿಸ್ಸೆಗಳನ್ನು ಕೂಡುವಾಗಲೂ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ದಶಕ ಒಯ್ಯಬೇಕು. 1 ಎಕರೆ 25 ಗುಂಟೆ 12 ಆಣೆಗೆ 18 ಗುಂಟೆ 8 ಆಣೆಯನ್ನು ಕೂಡಿದರೆ 2 ಎಕರೆ 4 ಗುಂಟೆ 4 ಆಣೆಯಾಗುತ್ತದೆ.

ನಾಲ್ಕು ಬದಿಗಳ ನಿವೇಶನದಲ್ಲಿ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು ಪ್ರಾಚೀನ ಸ್ಥೂಲ ಕ್ರಮ. ಮೂಲೆಗಳು ನೇರವಾಗಿರುವ ಆಯತಕ್ಕೆ ಮಾತ್ರ ಇದು ಸರಿ. ಉಳಿದ ನಾಲ್ಕು ಬದಿಯ ಆಕೃತಿಗಳಲ್ಲಿ ಇದು ಯಾವಾಗಲೂ ನಿಜಕ್ಕಿಂತ ಹೆಚ್ಚು ವಿಸ್ತೀರ್ಣವನ್ನು ತೋರಿಸುತ್ತದೆ. ನಾಲ್ಕೂ ಬದಿ 60 ಅಡಿ, ಒಂದು ಕರ್ಣವೂ 60 ಅಡಿ ಇರುವ ನಿವೇಶನಕ್ಕೆ ಸ್ಥೂಲ ಫಲ 3,600 ಚದರ ಅಡಿ. ಕರ್ಣದಿಂದ ಎರಡು ತ್ರಿಭುಜಗಳಾಗಿ ವಿಭಾಗಿಸಿ ಲೆಕ್ಕ ಹಾಕಿದರೆ ನಿಜವಾದ ಫಲ ಸುಮಾರು 3,118 ಚದರ ಅಡಿ. ವ್ಯತ್ಯಾಸ 482 ಚದರ ಅಡಿ, ಅಂದರೆ ಏಳು ಆಣೆ. ಕೊಳ್ಳುವವನು ಇಲ್ಲದ ನೆಲಕ್ಕೆ ಹಣ ತೆರುತ್ತಾನೆ. ಬದಿಗಳ ಜೊತೆಗೆ ಒಂದು ಕರ್ಣವನ್ನೂ ಅಳೆದರೆ ಈ ತಪ್ಪನ್ನು ತಪ್ಪಿಸಬಹುದು.

ಗೃಹಸಾಲ

ಮನೆ ಕಟ್ಟಲು ಪಡೆಯುವ ಸಾಲವನ್ನು ಸಾಮಾನ್ಯವಾಗಿ ಇಎಂಐ ಎಂದು ಕರೆಯುವ ಸಮಾನ ಮಾಸಿಕ ಕಂತುಗಳಲ್ಲಿ ತೀರಿಸಲಾಗುತ್ತದೆ. ಪ್ರತಿ ತಿಂಗಳೂ ಉಳಿದಿರುವ ಅಸಲಿನ ಮೇಲೆ ಮಾತ್ರ ಬಡ್ಡಿ ಬೀಳುತ್ತದೆ. ಕಂತಿನಲ್ಲಿ ಮೊದಲು ಬಡ್ಡಿ ಕಳೆದು, ಉಳಿದ ಭಾಗ ಅಸಲಿಗೆ ಜಮೆಯಾಗುತ್ತದೆ. ಅಸಲು 'ಅ', ಒಂದು ರೂಪಾಯಿಗೆ ತಿಂಗಳ ಬಡ್ಡಿ 'ಬ' ಎಂದಿಟ್ಟುಕೊಳ್ಳೋಣ. 1 + ಬ ಎಂಬುದನ್ನು ಕಂತುಗಳ ಸಂಖ್ಯೆಯಷ್ಟು ಸಲ ತನ್ನಿಂದಲೇ ಗುಣಿಸಿದ ಲಬ್ಧ 'ಗ' ಆಗಿರಲಿ. ಆಗ ಸೂತ್ರ ಹೀಗಿರುತ್ತದೆ:

ಕಂತು = ಅ × ಬ × ಗ ÷ (ಗ − 1)

20 ಲಕ್ಷ ರೂಪಾಯಿ ಸಾಲ, ವಾರ್ಷಿಕ ಶೇ. 9 ಬಡ್ಡಿ, 20 ವರ್ಷ ಅವಧಿ ಎಂದಾದರೆ ಬ = 0.0075, ಕಂತುಗಳು 240, ಗ = ಸುಮಾರು 6.009. ಕಂತು 17,995 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 15,000 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 2,995 ರೂಪಾಯಿ ಮಾತ್ರ. ಸಾಲದ ಅರ್ಧ ತೀರುವುದು ಹತ್ತನೆಯ ವರ್ಷಕ್ಕಲ್ಲ, ಸುಮಾರು 14 ವರ್ಷ ತುಂಬಿದಾಗ. 20 ವರ್ಷಗಳಲ್ಲಿ ಕಟ್ಟುವ ಒಟ್ಟು ಬಡ್ಡಿ ಸುಮಾರು 23.19 ಲಕ್ಷ ರೂಪಾಯಿ. ಅದೇ ಸಾಲವನ್ನು 15 ವರ್ಷಗಳಲ್ಲಿ ತೀರಿಸುವುದಾದರೆ ಕಂತು 20,285 ರೂಪಾಯಿಯಾಗುತ್ತದೆ, ಒಟ್ಟು ಬಡ್ಡಿ ಸುಮಾರು 16.51 ಲಕ್ಷಕ್ಕೆ ಇಳಿಯುತ್ತದೆ. ತಿಂಗಳಿಗೆ 2,290 ರೂಪಾಯಿ ಹೆಚ್ಚು ಕಟ್ಟಿದ್ದರಿಂದ ಸುಮಾರು 6.67 ಲಕ್ಷ ರೂಪಾಯಿ ಬಡ್ಡಿ ಉಳಿಯುತ್ತದೆ.

ಬದಲಾಗುವ ದರದ ಸಾಲದಲ್ಲಿ ಬಡ್ಡಿ ಏರಿದಾಗ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಹೆಚ್ಚಿಸುವುದುಂಟು. ಮೇಲಿನ 20 ವರ್ಷದ ಸಾಲದಲ್ಲಿ ಆರಂಭದಲ್ಲಿಯೇ ದರವು ಶೇ. 9ರಿಂದ ಶೇ. 10ಕ್ಕೆ ಏರಿ, ಕಂತು 17,995 ರೂಪಾಯಿಯೇ ಇದ್ದರೆ 240 ಕಂತುಗಳು ಸುಮಾರು 314 ಆಗುತ್ತವೆ. ಕಂತು ಬದಲಾಗದಿದ್ದರೂ ಸಾಲ ಆರು ವರ್ಷಕ್ಕಿಂತ ಹೆಚ್ಚು ಕಾಲ ಬೆಳೆಯುತ್ತದೆ. ಇದಕ್ಕೆ ವಿರುದ್ಧವಾಗಿ, ಶೇ. 9ರ ದರದಲ್ಲಿ ಮೊದಲ ವರ್ಷದ ಕೊನೆಗೆ 1 ಲಕ್ಷ ರೂಪಾಯಿಯನ್ನು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ ಕಂತನ್ನು ಹಾಗೆಯೇ ಮುಂದುವರಿಸಿದರೆ ಕೊನೆಯ ಸುಮಾರು 27 ಕಂತುಗಳು ಇಲ್ಲವಾಗುತ್ತವೆ. ವ್ಯಕ್ತಿಗಳು ಪಡೆದ ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡಶುಲ್ಕ ವಿಧಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2012ರಲ್ಲಿ ಆದೇಶಿಸಿದೆ.

ಶೇಕಡಾ ಯಾವುದರ ಮೇಲೆ ಎಂಬ ಪ್ರಶ್ನೆ ಇಲ್ಲಿ ನಿರ್ಣಾಯಕ. ಕೆಲವು ಸಾಲಗಳಲ್ಲಿ ಫ್ಲ್ಯಾಟ್ ದರವೆಂದು ಹೇಳಿ, ಅಸಲು ಕರಗುತ್ತಾ ಬಂದರೂ ಮೂಲ ಮೊತ್ತದ ಮೇಲೆಯೇ ಬಡ್ಡಿ ಹಾಕಲಾಗುತ್ತದೆ. 1 ಲಕ್ಷ ರೂಪಾಯಿಗೆ ಶೇ. 10ರ ಫ್ಲ್ಯಾಟ್ ದರದಲ್ಲಿ 3 ವರ್ಷಕ್ಕೆ 30,000 ರೂಪಾಯಿ ಬಡ್ಡಿ, ತಿಂಗಳ ಕಂತು 3,611 ರೂಪಾಯಿ. ಉಳಿದ ಅಸಲಿನ ಮೇಲಿನ ಬಡ್ಡಿಯ ಲೆಕ್ಕಕ್ಕೆ ತಂದರೆ ಇದು ವಾರ್ಷಿಕ ಸುಮಾರು ಶೇ. 17.9. ಊರಿನ ಕೈಸಾಲದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂಬ ಮಾತು ಹಗುರವಾಗಿ ಕೇಳಿಸಿದರೂ ಅದು ವರ್ಷಕ್ಕೆ ಶೇ. 24. ಬಡ್ಡಿಯನ್ನು ತಿಂಗಳುತಿಂಗಳು ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಸುಮಾರು ಶೇ. 26.8. ಸಾಲಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಅನುಕೂಲವಾಗುವಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯ ಅಂಶಗಳ ವಿವರಣಾಪತ್ರ ಕಡ್ಡಾಯವಾಗಿದೆ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಪತ್ರವು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದೂ ನಿಯಮ.

ಮಳೆ ಮತ್ತು ದತ್ತಾಂಶ

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ದೊರೆಯುವ ನೀರು 1 ಲೀಟರ್. ಈ ಒಂದು ಸಂಬಂಧದಿಂದ ಮಳೆನೀರಿನ ಸಂಗ್ರಹವನ್ನು ಲೆಕ್ಕ ಹಾಕಬಹುದು. 1,000 ಚದರ ಅಡಿ, ಅಂದರೆ 92.9 ಚದರ ಮೀಟರ್ ನೆಲವನ್ನು ಆವರಿಸುವ ಮಾಡಿನ ಮೇಲೆ 100 ಮಿ.ಮೀ. ಮಳೆ ಸುರಿದರೆ 9,290 ಲೀಟರ್ ನೀರು ಬೀಳುತ್ತದೆ. ಜಲ ಜೀವನ್ ಮಿಷನ್ ಯೋಜನೆಯ ತಲಾ 55 ಲೀಟರ್ ಪ್ರಮಾಣದಲ್ಲಿ ಐವರ ಕುಟುಂಬಕ್ಕೆ ದಿನಕ್ಕೆ 275 ಲೀಟರ್ ಬೇಕು. ಒಂದು ಹನಿಯೂ ಪೋಲಾಗದಿದ್ದರೆ ಆ ನೀರು 33 ದಿನಗಳಿಗೆ ಸಾಕು. ಇಳಿಜಾರು ಹೆಂಚಿನ ಮಾಡಿಗೆ ಹೆಂಚುಗಳ ಮೇಲ್ಮೈಯನ್ನಲ್ಲ, ಮಾಡು ಆವರಿಸಿದ ನೆಲದ ವಿಸ್ತೀರ್ಣವನ್ನು ತೆಗೆದುಕೊಳ್ಳಬೇಕು.

ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಮುಗಿಯುವಂತೆ ಲೆಕ್ಕ ಹಾಕುತ್ತದೆ. 64.5ರಿಂದ 115.5 ಮಿ.ಮೀ. ವರೆಗೆ ಭಾರೀ ಮಳೆ, 115.6ರಿಂದ 204.4 ಮಿ.ಮೀ. ವರೆಗೆ ಅತಿ ಭಾರೀ ಮಳೆ, ಅದಕ್ಕೂ ಮೀರಿದರೆ ಅತ್ಯಂತ ಭಾರೀ ಮಳೆ ಎಂದು ವರ್ಗೀಕರಿಸುತ್ತದೆ. ಮೂರು ದಿನಗಳಲ್ಲಿ ಕ್ರಮವಾಗಿ 20, 30 ಮತ್ತು 250 ಮಿ.ಮೀ. ಮಳೆಯಾಯಿತೆಂದರೆ ದಿನದ ಸರಾಸರಿ 100 ಮಿ.ಮೀ. ಆದರೆ ಯಾವ ದಿನವೂ 100 ಮಿ.ಮೀ. ಬೀಳಲಿಲ್ಲ. ಅಪಾಯವಿದ್ದದ್ದು ಮೂರನೆಯ ದಿನದಲ್ಲಿ, ಸರಾಸರಿಯು ಅದನ್ನು ಮರೆಮಾಡುತ್ತದೆ. 2024ರ ಜುಲೈ 16ರಂದು ಭಾರೀ ಮಳೆಯ ನಡುವೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಗುಡ್ಡದಂಚಿನಲ್ಲಿ ವಾಸಿಸುವವರಿಗೆ ತಿಂಗಳ ಸರಾಸರಿಗಿಂತ ದಿನದ ಗರಿಷ್ಠ ಅಂಕಿಯೇ ಮುಖ್ಯವಾಗುವುದು ಈ ಕಾರಣದಿಂದ. ಸ್ಥಳದ ಸರಾಸರಿಗೂ ಇದೇ ಮಿತಿಯಿದೆ. ಕರಾವಳಿಯ ಅಂಕೋಲಾಕ್ಕೂ ಘಟ್ಟದ ಪೂರ್ವಕ್ಕಿರುವ ಮುಂಡಗೋಡ, ಹಳಿಯಾಳಗಳಿಗೂ ಮಳೆಯಲ್ಲಿ ಬಹಳ ಅಂತರವಿರುವುದರಿಂದ ಜಿಲ್ಲಾ ಸರಾಸರಿಯು ಎರಡಕ್ಕೂ ಹೊಂದುವುದಿಲ್ಲ.

ಆದಾಯದ ಅಂಕಿಗಳಲ್ಲಿ ಮಧ್ಯಾಂಕವು ಹೆಚ್ಚು ಉಪಯುಕ್ತ. ಐದು ಮನೆಗಳ ತಿಂಗಳ ಆದಾಯ ಕ್ರಮವಾಗಿ 12, 14, 15, 16 ಮತ್ತು 93 ಸಾವಿರ ರೂಪಾಯಿ ಎಂದಾದರೆ ಸರಾಸರಿ 30 ಸಾವಿರ. ನಾಲ್ಕು ಮನೆಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ನಡುವಿನ ಅಂಕಿಯಾದ 15 ಸಾವಿರವು ವಾಸ್ತವಕ್ಕೆ ಸಮೀಪವಾಗಿದೆ.

ಪ್ರಯಾಣ

ಅಂಕೋಲಾ ಪಟ್ಟಣದ ಸಮೀಪದ ಬಾಳೆಗುಳಿಯಲ್ಲಿ ಪನವೇಲ್–ಕನ್ಯಾಕುಮಾರಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹುಬ್ಬಳ್ಳಿಯ ಕಡೆಯಿಂದ ಬರುವ ಹೆದ್ದಾರಿ 52 ಸೇರುತ್ತದೆ. ಹಿಂದೆ ಇವು ಕ್ರಮವಾಗಿ 17 ಮತ್ತು 63 ಸಂಖ್ಯೆಯ ಹೆದ್ದಾರಿಗಳಾಗಿದ್ದವು. ಬಾಳೆಗುಳಿಯಿಂದ ಅರಬೈಲ್ ಘಟ್ಟ, ಯಲ್ಲಾಪುರಗಳ ಮೂಲಕ ಹುಬ್ಬಳ್ಳಿಗೆ ಸುಮಾರು 130 ಕಿ.ಮೀ. ಇದರಲ್ಲಿ ಕಾಡು ಮತ್ತು ಘಟ್ಟದ 60 ಕಿ.ಮೀ. ದಾರಿಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಉಳಿದ 70 ಕಿ.ಮೀ. ದಾರಿಯನ್ನು 60 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಸರಾಸರಿ ವೇಗ 50 ಆಗುವುದಿಲ್ಲ. ಮೊದಲ ಭಾಗಕ್ಕೆ 1 ಗಂಟೆ 30 ನಿಮಿಷ, ಎರಡನೆಯದಕ್ಕೆ 1 ಗಂಟೆ 10 ನಿಮಿಷ, ಒಟ್ಟು 2 ಗಂಟೆ 40 ನಿಮಿಷ ಬೇಕು. ಸರಾಸರಿ ವೇಗವು ಗಂಟೆಗೆ 48.75 ಕಿ.ಮೀ. ವೇಗಗಳ ಸರಾಸರಿ ತೆಗೆಯದೆ, ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಬೇಕು. ಲೀಟರ್ ಇಂಧನಕ್ಕೆ 18 ಕಿ.ಮೀ. ಓಡುವ ವಾಹನಕ್ಕೆ ಈ ದಾರಿಗೆ ಸುಮಾರು 7.2 ಲೀಟರ್ ತಗಲುತ್ತದೆ.

ಸಮುದ್ರದಲ್ಲಿ ಮಾನವೇ ಬೇರೆ. ಒಂದು ನಾಟಿಕಲ್ ಮೈಲು 1.852 ಕಿ.ಮೀ., ಗಂಟೆಗೆ ಒಂದು ನಾಟಿಕಲ್ ಮೈಲು ವೇಗಕ್ಕೆ ಒಂದು ನಾಟ್ ಎಂದು ಹೆಸರು. ಗಾಳಿಯ ಮುನ್ನೆಚ್ಚರಿಕೆಯಲ್ಲಿ 30 ನಾಟ್ ಎಂದಿದ್ದರೆ ಅದು ಗಂಟೆಗೆ ಸುಮಾರು 55 ಕಿ.ಮೀ. ಅದನ್ನು 30 ಕಿ.ಮೀ. ಎಂದು ತಿಳಿದು ಕಡಲಿಗೆ ಇಳಿಯುವ ದೋಣಿ ಅಪಾಯಕ್ಕೆ ಸಿಲುಕುತ್ತದೆ.

ಲೆಕ್ಕದ ಪರಿಶೀಲನೆ

ಉತ್ತರ ಸರಿಯಿದೆಯೇ ಎಂದು ತಿಳಿಯಲು ಕೆಲವು ಸರಳ ಕ್ರಮಗಳಿವೆ:

- ಲೆಕ್ಕಕ್ಕೆ ಮೊದಲು ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ಪರಿವರ್ತಿಸುವುದು.
- ಸುತ್ತಂಕಿಗಳಿಂದ ಉತ್ತರವನ್ನು ಮೊದಲೇ ಅಂದಾಜಿಸಿ ಹೋಲಿಸುವುದು. ಉದಾಹರಣೆಗೆ 20 ಲಕ್ಷಕ್ಕೆ ಶೇ. 9ರಂತೆ ವರ್ಷದ ಬಡ್ಡಿ 1,80,000, ತಿಂಗಳಿಗೆ 15,000. ಕಂತು ಅದಕ್ಕಿಂತ ಕಡಿಮೆ ಬಂದರೆ ಲೆಕ್ಕ ತಪ್ಪಿದೆ.
- ಶೇಕಡಾ ಮತ್ತು ಶೇಕಡಾ ಅಂಶಗಳ ಭೇದವನ್ನು ತಿಳಿಯುವುದು. ದರವು 9ರಿಂದ 10ಕ್ಕೆ ಏರಿದರೆ ಏರಿಕೆ ಒಂದು ಶೇಕಡಾ ಅಂಶ, ಆದರೆ ಬಡ್ಡಿಯ ಹೊರೆ ಶೇ. 11ರಷ್ಟು ಹೆಚ್ಚುತ್ತದೆ.
- ಸರಾಸರಿಯ ಜೊತೆಗೆ ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನೂ ನೋಡುವುದು.

ಸಾಲಪತ್ರಕ್ಕಾಗಲಿ ಕ್ರಯಪತ್ರಕ್ಕಾಗಲಿ ಸಹಿ ಹಾಕುವ ಮೊದಲೇ ಈ ಪರಿಶೀಲನೆ ಮುಗಿದಿರಬೇಕು. ಸಹಿ ಬಿದ್ದ ಮೇಲೆ ಲೆಕ್ಕದ ತಪ್ಪು ತಿಳಿದರೂ ಅದನ್ನು ಸರಿಪಡಿಸುವುದು ಸುಲಭವಲ್ಲ.