ಪದವನ್ನರಸುವ ಕೂಟ

ಹರಪನಹಳ್ಳಿಯ ಸೀಮೆಗೆ ಸೇರಿದ ನೀಲಗುಂದವೆಂಬ ಗ್ರಾಮವನ್ನು ಶಿಲ್ಪಕಲೆಯ ಅಭ್ಯಾಸಿಗಳು ಅಲ್ಲಿಯ ಭೀಮೇಶ್ವರ ದೇವಾಲಯಕ್ಕಾಗಿ ಬಲ್ಲರು; ಅಲೆಗ್ಸಾಂಡರ್ ರೀ ಎಂಬ ವಿದ್ವಾಂಸರು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇಗುಲಗಳನ್ನು ಕುರಿತು 1896ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳಗಳ ಸಾಲಿನಲ್ಲಿ ನೀಲಗುಂದಕ್ಕೂ ಸ್ಥಾನ ದೊರೆತಿದೆ. ಶಾಸನಗಳನ್ನು ಓದುವವರಿಗಾದರೋ ಈ ಊರು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ತಾಮ್ರಪಟಗಳಿಂದ ಪರಿಚಿತ. 1087 ಮತ್ತು 1123ನೆಯ ಇಸವಿಗಳ ಆ ದಾನಪತ್ರಗಳು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ನೀಲಗುಂದದ ಹೆಸರಿನಿಂದಲೇ ಅಚ್ಚಾಗಿವೆ. ನಾನಿಲ್ಲಿ ಬರೆಯಹೊರಟಿರುವುದು ದೇಗುಲವನ್ನು ಕುರಿತೂ ಅಲ್ಲ, ದಾನವನ್ನು ಕುರಿತೂ ಅಲ್ಲ. ಒಬ್ಬರು ಪದವೊಂದನ್ನು ಮರೆಮಾಡಿ ಉಳಿದವರೆಲ್ಲರೂ ಕೂಡಿ ಅದನ್ನು ಹುಡುಕುವ ಪ್ರಾಚೀನವಾದೊಂದು ವಿನೋದವನ್ನು ಕುರಿತು. ಆದರೂ ಆ ತಾಮ್ರಪಟಗಳಿಂದಲೇ ತೊಡಗುವುದು ಉಚಿತ. ಏಕೆಂದರೆ ಅವುಗಳನ್ನು ಕೊಟ್ಟ ದೊರೆಯ ಮನೆಯಲ್ಲಿಯೇ ಈ ವಿನೋದಕ್ಕೆ ಶಾಸ್ತ್ರಗ್ರಂಥದ ಮರ್ಯಾದೆ ಲಭಿಸಿತು.

ವಿಕ್ರಮಾದಿತ್ಯನ ಆಸ್ಥಾನವು ವಿದ್ವಜ್ಜನರ ನೆಲೆಯಾಗಿತ್ತು. ಕಾಶ್ಮೀರದಿಂದ ಬಂದ ಬಿಲ್ಹಣನು ಅಲ್ಲಿ ವಿದ್ಯಾಪತಿಯೆನಿಸಿದನು. ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ್ದು ಆ ದೊರೆಯ ಆಳಿಕೆಯಲ್ಲಿಯೇ. ಇಂತಹ ಪರಿಸರದಲ್ಲಿ ಬೆಳೆದ ಮಗ ಮೂರನೆಯ ಸೋಮೇಶ್ವರನು, ತಂದೆಯ ತರುವಾಯ ಪಟ್ಟವೇರಿದ ಮೇಲೆ, 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದನು. ಐದು ವಿಂಶತಿಗಳಾಗಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳಾಗಿ, ರಾಜ್ಯಭಾರದಿಂದ ಪಾಕಶಾಸ್ತ್ರದವರೆಗೆ ಅರಸನಾದವನು ಅರಿಯಬೇಕಾದುದನ್ನೆಲ್ಲ ಹೇಳುವ ಈ ಗ್ರಂಥದ ಕೊನೆಯ ಭಾಗ ಕ್ರೀಡಾವಿಂಶತಿ. ಅಲ್ಲಿ ವನಕ್ರೀಡೆ, ಆಂದೋಲನಕ್ರೀಡೆ, ಚದುರಂಗ, ಪಗಡೆಗಳ ಜೊತೆಯಲ್ಲಿ ಪ್ರಹೇಲಿಕಾಕ್ರೀಡೆಗೂ ಒಂದು ಸ್ಥಾನವುಂಟು. ಗೂಢಾರ್ಥದ ಪದ್ಯವನ್ನು ಮುಂದಿಟ್ಟು ಅದರ ಉತ್ತರವನ್ನು ಅರಸುವುದು ಚಕ್ರವರ್ತಿಯ ಮನಸ್ಸಿನಲ್ಲಿ ಉಯ್ಯಾಲೆಯಾಟಕ್ಕೂ ಚದುರಂಗಕ್ಕೂ ಸಮನಾದ ಕ್ರೀಡೆಯಾಗಿತ್ತು. ಇದು ಏಕಾಂತದ ಧ್ಯಾನವಲ್ಲ, ಗೋಷ್ಠಿಯ ಆಟ. ಕೇಳುವವರೂ ಹೇಳುವವರೂ ಎದುರೆದುರಾಗಿ ಕುಳಿತಲ್ಲದೆ ಇದು ಸಾಗುವಂತಿರಲಿಲ್ಲ.

ಸೋಮೇಶ್ವರನಿಗಿಂತಲೂ ಬಹು ಪೂರ್ವದಲ್ಲಿ ವಾತ್ಸ್ಯಾಯನನು ಅರುವತ್ತುನಾಲ್ಕು ಕಲೆಗಳಲ್ಲಿ ಪ್ರಹೇಲಿಕೆಯನ್ನು ಎಣಿಸಿದ್ದನು; ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಅದರ ಹದಿನಾರು ಭೇದಗಳನ್ನು ವಿವರಿಸಿದ್ದನು. ಅದೇ ಪರಿಚ್ಛೇದದಲ್ಲಿ ಅವನು ಹೇಳುವ ಸರ್ವತೋಭದ್ರವೆಂಬ ಚಿತ್ರಬಂಧವು, ಅಕ್ಷರಗಳನ್ನು ಚೌಕದ ಮನೆಗಳಲ್ಲಿ ತುಂಬಿ, ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಹೇಗೆ ಓದಿದರೂ ಒಂದೇ ಪಾಠ ಬರುವಂತೆ ಕಟ್ಟಿದ್ದು. ನಮ್ಮ ಕಾಲದ ಪದಬಂಧದ ಚೌಕಗಳನ್ನು ಪರದೇಶದ ಸರಕೆಂದೇ ತಿಳಿದಿರುವವರು ಇದನ್ನು ಒಮ್ಮೆ ನೋಡಬೇಕು. ಕನ್ನಡಕ್ಕೆ ದಂಡಿಯು ಅಪರಿಚಿತನಲ್ಲ. ನಮ್ಮ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಅವನ ಗ್ರಂಥವನ್ನು ಆಶ್ರಯಿಸಿ ಹುಟ್ಟಿತು.

ಆದರೆ ಆಸ್ಥಾನದ ಪ್ರಹೇಲಿಕೆಯು ಆಸ್ಥಾನದೊಡನೆಯೇ ಅಳಿಯಿತು. ಉಳಿದದ್ದು ಹೊಲಮನೆಗಳ ಒಗಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಮಳೆನಂಬಿಗೆಯ ನೆಲದಲ್ಲಿ, ಜೋಳ, ಸಜ್ಜೆ, ನವಣೆಗಳ ಒಕ್ಕಲು ಮುಗಿದ ಮೇಲೆ, ಶೇಂಗಾ ಸುಲಿಯಲು ಹೆಂಗಸರೂ ಮಕ್ಕಳೂ ಸುತ್ತ ಕುಳಿತ ಹೊತ್ತಿನಲ್ಲಿ, ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿದ್ದಾಗ, ಒಗಟು ತಾನಾಗಿ ಹೊರಡುತ್ತಿತ್ತು. ಕೂರಿಗೆ, ಕುಂಟೆ, ಬೀಸುವ ಕಲ್ಲು, ಒನಕೆ, ಈರುಳ್ಳಿ, ದೀಪ, ನೆರಳು, ಇವುಗಳೇ ಅದರ ವಸ್ತು; ದಿನವೂ ಕಣ್ಣಿಗೆ ಬೀಳುವುದನ್ನು ಎಂದೂ ಕಾಣದ ಪ್ರಾಣಿಯೆಂಬಂತೆ ಬಣ್ಣಿಸುವುದೇ ಅದರ ಕೌಶಲ. ಅಜ್ಜಿಯೊಬ್ಬಳು ಒಗಟು ಹಾಕಿದಳೆಂದರೆ ಮೊಮ್ಮಕ್ಕಳು ಒಡನೆಯೇ ಉತ್ತರಕ್ಕೆ ಹಾರುತ್ತಿರಲಿಲ್ಲ. “ತಿನ್ನಾದಾ, ಉಡಾದಾ? ಮನ್ಯಾಗಿಂದಾ, ಹೊಲದಾಗಿಂದಾ?” ಎಂದು ಒಂದೊಂದಾಗಿ ಕೇಳಿ, ಕ್ಷೇತ್ರವನ್ನು ಕಿರಿದುಮಾಡುತ್ತ, ಒಬ್ಬನ ತಪ್ಪು ಊಹೆಯು ಮತ್ತೊಬ್ಬನ ಸರಿಯೂಹೆಗೆ ಮೆಟ್ಟಿಲಾಗುತ್ತ, ಕಟ್ಟಕಡೆಗೆ “ಸೋತ್ವಿ ಅಜ್ಜಿ, ನೀನ ಹೇಳಿಬಿಡು” ಎನ್ನುವವರೆಗೂ ಆಟ ನಡೆಯುತ್ತಿತ್ತು. ತರ್ಕಶಾಸ್ತ್ರದ ಮೊದಲ ಪಾಠವು ನಮ್ಮ ಹಳ್ಳಿಗಳಲ್ಲಿ ಶಾಲೆ ತೆರೆಯುವುದಕ್ಕೆ ಮೊದಲೇ ಹೀಗೆ ನಡೆದುಹೋಗಿತ್ತೆಂದು ನಾನು ಪೂರ್ಣವಾಗಿ ನಂಬುತ್ತೇನೆ.

ಮದುವೆಯ ಮನೆಯಲ್ಲಿ ಇದೇ ಕಲೆಯು ಒಡಪಿನ ರೂಪವನ್ನು ತಾಳುತ್ತಿತ್ತು. ಗಂಡನ ಹೆಸರನ್ನು ನೇರವಾಗಿ ನುಡಿಯಲಾಗದ ಹೆಣ್ಣು, ಹೊಸಿಲಲ್ಲಿ ತಡೆದು ನಿಲ್ಲಿಸಿದ ಗೆಳತಿಯರೆದುರು, ಪ್ರಾಸಬದ್ಧವಾದ ನುಡಿಗಟ್ಟಿನೊಳಗೆ ಆ ಹೆಸರನ್ನು ಹುದುಗಿಸಿ ಹೇಳಿ ಒಳಗೆ ಕಾಲಿಡುತ್ತಿದ್ದಳು. ಗೀಗೀ ಮೇಳಗಳಲ್ಲಿ ಅದು ಇನ್ನಷ್ಟು ಉಗ್ರವಾಯಿತು. ಹರದೇಶಿ, ನಾಗೇಶಿಗಳೆಂಬ ಎರಡು ಪಕ್ಷದವರು ರಾತ್ರಿಯಿಡೀ ಒಬ್ಬರಿಗೊಬ್ಬರು ಹಾಡಿನಲ್ಲಿಯೇ ಸವಾಲು ಹಾಕುವುದು, ಎದುರು ಮೇಳದವರು ಹಾಡಿನಲ್ಲಿಯೇ ಅದನ್ನು ಒಡೆಯುವುದು, ಒಡೆಯಲಾರದಿದ್ದರೆ ಊರ ಮುಂದೆ ತಲೆತಗ್ಗಿಸುವುದು ಉತ್ತರ ಕರ್ಣಾಟಕದ ಜಾತ್ರೆಗಳಲ್ಲಿ ಸಾಮಾನ್ಯವಾಗಿತ್ತು. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಸರ್ವಜ್ಞನ ಒಗಟಿನ ತ್ರಿಪದಿಗಳು ಇವೆಲ್ಲ ಈ ಜನಪದ ಸಂಪ್ರದಾಯವನ್ನೇ ಅಧ್ಯಾತ್ಮಕ್ಕೂ ನೀತಿಗೂ ಏರಿಸಿದವು. ಅವುಗಳ ವಿಚಾರವು ಬೇರೊಂದು ಪ್ರಬಂಧವನ್ನೇ ಬೇಡುತ್ತದೆ.

ಈ ಸೀಮೆಯಲ್ಲಿ ಊಹೆಯ ಕೂಟವೊಂದು ಎಷ್ಟು ವಿಶಾಲವಾಗಬಹುದೆಂಬುದಕ್ಕೆ ಹಡಗಲಿ ತಾಲೂಕಿನ ಮೈಲಾರಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ತುಂಗಭದ್ರೆಯ ತಡಿಯ ಆ ಕ್ಷೇತ್ರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವ್ರತದಿಂದಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಆಕಾಶವನ್ನು ದಿಟ್ಟಿಸಿ “ಸದ್ದಲೇ” ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲವು ಒಮ್ಮೆಗೇ ಅಡಗುತ್ತದೆ. ಅನಂತರ ಅವನು ನುಡಿಯುವುದು ಒಂದೇ ವಾಕ್ಯ. ಕಾರ್ಣಿಕವೆಂಬ ಆ ಭವಿಷ್ಯವಾಕ್ಯವು ಎಂದೂ ಬಿಡಿಸಿ ಹೇಳಿದ್ದಲ್ಲ. ಗೂಢವಾದ ಕೆಲವೇ ಪದಗಳು. ಮಳೆಯನ್ನು ಕುರಿತು ಹೇಳಿತೇ, ಬೆಳೆಯನ್ನು ಕುರಿತು ಹೇಳಿತೇ, ಆಳುವವರನ್ನು ಕುರಿತು ಹೇಳಿತೇ ಎಂದು ಹಿಂದಿರುಗುವ ಬಂಡಿಗಳಲ್ಲಿ ತೊಡಗಿದ ಚರ್ಚೆಯು ಮುಂದಿನ ಮುಂಗಾರಿನವರೆಗೂ ಅರಳಿಕಟ್ಟೆಗಳಲ್ಲಿ ಮುಂದುವರಿಯುತ್ತದೆ. ಭಕ್ತರಿಗೆ ಅದು ದೇವವಾಣಿ, ಆಟವಲ್ಲ; ಅದನ್ನು ವಿನೋದಗಳ ಪಟ್ಟಿಗೆ ಸೇರಿಸುವ ಅವಿನಯವು ನನ್ನಲ್ಲಿಲ್ಲ. ಆದರೆ ಕೆಲವೇ ಪದಗಳನ್ನು ಮುಂದಿಟ್ಟುಕೊಂಡು ಇಡೀ ನಾಡು ಕೂಡಿ ಅರ್ಥವನ್ನರಸುವ ಅಭ್ಯಾಸವು ಇಲ್ಲಿಯ ಜನರಿಗೆ ಎಷ್ಟು ಸಹಜವಾದುದೆಂಬುದನ್ನು ಮೈಲಾರವನ್ನು ಬಿಟ್ಟು ಅರಿಯುವಂತಿಲ್ಲ.

ಅಚ್ಚಿನ ಕಾಲದ ಪದಕ್ರೀಡೆಯ ಕಥೆ ಬೇರೆಯದು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊತ್ತಮೊದಲ ಪದಬಂಧವನ್ನು ಪ್ರಕಟಿಸಿದರು. ಅದೇ ವರ್ಷ ಹರಪನಹಳ್ಳಿಯಲ್ಲಿ ರಾಯಸಂ ಭೀಮಸೇನರಾಯರು ಜನಿಸಿದರು. ಬೀchi ಎಂಬ ಹೆಸರಿನಿಂದ, ಕನ್ನಡದ ಒಂದು ಪದವನ್ನು ಹತ್ತು ಕಡೆಗೆ ತಿರುಗಿಸಿ ಹತ್ತು ಅರ್ಥಗಳನ್ನು ಹೊಮ್ಮಿಸಿದ ಹಾಸ್ಯಸಾಹಿತಿಗಳು ಅವರೇ. ಈ ಎರಡು ಸಂಗತಿಗಳಿಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಪದಗಳ ಒಡಲನ್ನು ಬಗೆದು ನೋಡುವ ಆ ಚಪಲವು ಒಗಟಿನ ಸೀಮೆಯ ಮಗನಿಗೆ ಬಂದದ್ದು ಆಶ್ಚರ್ಯವಲ್ಲವೆಂದು ನನಗೆ ತೋರುತ್ತದೆ.

ಪದಬಂಧವು ಇಂಡಿಯಾ ದೇಶಕ್ಕೆ ಬಂದ ಕೆಲವು ದಶಕಗಳಲ್ಲಿಯೇ ಅದಕ್ಕೆ ಹಣದ ಸೋಂಕು ತಗುಲಿತು. ಪ್ರವೇಶಶುಲ್ಕವನ್ನು ತೆತ್ತು, ಚೌಕವನ್ನು ತುಂಬಿ ಕಳುಹಿಸಿದವರಿಗೆ ಭಾರಿ ಮೊತ್ತದ ಬಹುಮಾನವನ್ನು ಸಾರುವ ಸ್ಪರ್ಧೆಗಳು 1950ರ ಸುಮಾರಿನಲ್ಲಿ ವಿಪುಲವಾಗಿದ್ದವು. ಅವುಗಳಲ್ಲಿ ಪ್ರಸಿದ್ಧವಾದ ಆರ್.ಎಂ.ಡಿ.ಸಿ. ಪದಬಂಧವು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ದೇಶದ ನಾನಾ ಭಾಗಗಳಿಗೆ ಹಬ್ಬಿತ್ತು. ಅದರ ರಚನೆಯನ್ನು ಗಮನಿಸಬೇಕು: ಸೂಚನೆಗೆ ಸರಿಹೊಂದುವ ಪದಗಳು ಎರಡಿರುತ್ತಿದ್ದವು, ಎರಡೂ ಒಪ್ಪುವಂತಹವೇ, ಮುದ್ರೆಯೊತ್ತಿ ಮುಚ್ಚಿಟ್ಟ ಉತ್ತರದಲ್ಲಿ ಯಾವುದಿದೆಯೋ ಅದನ್ನು ಬರೆದವನೇ ಗೆದ್ದವನು. ಅಂದಮೇಲೆ ಪದಜ್ಞಾನದಿಂದ ಏನು ಪ್ರಯೋಜನ? 1951ರಲ್ಲಿ ಮೈಸೂರು ರಾಜ್ಯವು ಇಂತಹ ಸ್ಪರ್ಧೆಗಳ ಮೇಲೆ ನಿಯಂತ್ರಣವನ್ನೂ ತೆರಿಗೆಯನ್ನೂ ವಿಧಿಸಿತು. ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯು ತಿಂಗಳಿಗೆ ಸಾವಿರ ರೂಪಾಯಿಗಳನ್ನು ಮೀರಿದ ಬಹುಮಾನವನ್ನೂ ಸ್ಪರ್ಧೆಯೊಂದಕ್ಕೆ ಎರಡು ಸಾವಿರವನ್ನು ಮೀರಿದ ಪ್ರವೇಶಗಳನ್ನೂ ನಿಷೇಧಿಸಿತು. 1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವು, ಜೂಜು ವ್ಯಾಪಾರವಲ್ಲವೆಂದೂ, ಬುದ್ಧಿಕೌಶಲವೇ ಪ್ರಧಾನವಾದ ಸ್ಪರ್ಧೆಗೆ ಮಾತ್ರ ಆ ದೋಷವಿಲ್ಲವೆಂದೂ ತೀರ್ಪಿತ್ತಿತು. ಈ ತೀರ್ಪು ನನಗೆ ಬಹಳ ಸಮ್ಮತ. ಅಜ್ಜಿಯ ಒಗಟಿಗೆ ಉತ್ತರವೊಂದೇ, ಅದನ್ನು ಕೇಳಿದ ಮೇಲೆ “ಹೌದಲ್ಲ!” ಎಂದು ಸೋತವನೂ ಸಂತೋಷಪಡುತ್ತಾನೆ. ಮುಚ್ಚಿದ ಲಕೋಟೆಯ ಉತ್ತರವು ಆ ಸಂತೋಷವನ್ನು ಯಾರಿಗೂ ಕೊಡಲಾರದು.

ಇತ್ತ, ಆಲೂರು, ಆದೋನಿ, ರಾಯದುರ್ಗಗಳನ್ನು ಬಿಟ್ಟು ಬಳ್ಳಾರಿ ಜಿಲ್ಲೆಯ ಉಳಿದ ತಾಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯೇ ಮೊದಲಾದ ಕನ್ನಡ ದಿನಪತ್ರಿಕೆಗಳು ಈ ಕಡೆಯ ಊರುಗಳಿಗೂ ಬಂದವು, ಬಹುಮಾನದ ಆಮಿಷವಿಲ್ಲದ ದೈನಿಕ ಪದಬಂಧವೂ ಕಾಲಕ್ರಮದಲ್ಲಿ ಅವುಗಳೊಡನೆ ಬಂದಿತು. ಕೋಲಾರ ಜಿಲ್ಲೆಯವರಾದ ಅ.ನಾ. ಪ್ರಹ್ಲಾದರಾಯರಂತಹವರು ಸಹಸ್ರಾರು ಪದಬಂಧಗಳನ್ನು ರಚಿಸಿ ಇದನ್ನೊಂದು ಕನ್ನಡ ಕಲೆಯನ್ನಾಗಿಯೇ ಮಾಡಿದರು. ಕಲೆಯೆಂದದ್ದು ಉಪಚಾರಕ್ಕಲ್ಲ. ಇಂಗ್ಲಿಷಿನ ಚೌಕದಲ್ಲಿ ಇಪ್ಪತ್ತಾರರೊಳಗಿನ ಒಂದು ಅಕ್ಷರ ಕುಳಿತರೆ ಮುಗಿಯಿತು. ಕನ್ನಡದ ಮನೆಯಲ್ಲಿ ಕುಳಿತುಕೊಳ್ಳುವುದು ಗುಣಿತವನ್ನೂ ಒತ್ತನ್ನೂ ಅನುಸ್ವಾರವನ್ನೂ ಕೂಡಿಕೊಂಡ ಇಡಿಯಾದ ಅಕ್ಷರ. ‘ಸ್ತ್ರೀ’ ಎಂಬುದಕ್ಕೆ ಒಂದೇ ಮನೆ ಸಾಕು, ‘ರಾಷ್ಟ್ರ’ಕ್ಕೆ ಎರಡು; ನೀಲಗುಂದವನ್ನೇ ಬರೆದರೆ ರೋಮನ್ ಲಿಪಿಯಲ್ಲಿ ಒಂಬತ್ತು ಮನೆಗಳನ್ನು ಬೇಡುವ ಹೆಸರು ನಮ್ಮಲ್ಲಿ ನಾಲ್ಕೇ ಮನೆಗಳಲ್ಲಿ ಅಡಗುತ್ತದೆ. ಆದರೆ ಆ ಮೂರನೆಯ ಮನೆಯ ‘ಗುಂ’ ಎಂಬುದನ್ನು ಮೇಲಿನಿಂದ ಕೆಳಕ್ಕೆ ದಾಟಿಹೋಗುವ ಪದದಲ್ಲಿಯೂ ಅದೇ ‘ಗುಂ’ ಇರಬೇಕು. ‘ಗು’ ಒಪ್ಪದು, ‘ಗಂ’ ಒಪ್ಪದು. ರಚಿಸುವವನಿಗೆ ಇದು ದುಷ್ಕರ. ಬಿಡಿಸುವವನಿಗೋ, ಅಡ್ಡಲಾಗಿ ದೊರೆತ ಒಂದೇ ಅಕ್ಷರವು ಇಂಗ್ಲಿಷಿನ ಅಕ್ಷರಕ್ಕಿಂತ ಹೆಚ್ಚು ಬೆಳಕನ್ನು ಚೆಲ್ಲುತ್ತದೆ.

ಪತ್ರಿಕೆಯೊಂದು, ಓದುವವರು ಹಲವರು ಎಂಬ ಹಳ್ಳಿಯ ಬಡತನವೇ ಈ ಪದಬಂಧಕ್ಕೆ ವರವಾಯಿತು. ಚಹದ ಅಂಗಡಿಯಲ್ಲಿಯೋ ವಾಚನಾಲಯದಲ್ಲಿಯೋ ಮೊದಲು ಬಂದವನು ತನಗೆ ತೋಚಿದ ನಾಲ್ಕಾರು ಪದಗಳನ್ನು ತುಂಬಿ ಹೋದರೆ, ಪುರಾಣ ಬಲ್ಲ ಹಿರಿಯರೊಬ್ಬರು ದ್ರೋಣನ ಮಗನನ್ನೋ ಭೀಮನ ಆಯುಧವನ್ನೋ ಹೇಳಿಕೊಡುತ್ತಿದ್ದರು. ಬೇಸಾಯದ ಉಪಕರಣವನ್ನು ಕೇಳಿದ ಸೂಚನೆಗೆ ಅಕ್ಷರ ಬಾರದ ಒಕ್ಕಲಿಗನೇ ಉತ್ತರ ಕೊಡಬೇಕಾಗುತ್ತಿತ್ತು. ಕ್ರೀಡಾವಿಂಶತಿಯ ಗೋಷ್ಠಿಯು ಹೀಗೆ ಚಕ್ರವರ್ತಿಯಿಲ್ಲದೆಯೂ ನಡೆಯಿತು. 2021ರಲ್ಲಿ ಜಾಶ್ ವಾರ್ಡಲ್ ಎಂಬವರು ಲೋಕದ ಮುಂದಿಟ್ಟ ‘ವರ್ಡಲ್’ ಎಂಬ ಇಂಗ್ಲಿಷ್ ಆಟವು, ದಿನಕ್ಕೊಂದೇ ಐದಕ್ಷರದ ಪದವನ್ನು ಎಲ್ಲರಿಗೂ ಒಂದೇ ಸಮನಾಗಿ ಕೊಟ್ಟು, ಆರು ಯತ್ನಗಳಲ್ಲಿ ಅದನ್ನು ಊಹಿಸಿದವರು ಉತ್ತರವನ್ನು ಬಿಟ್ಟುಕೊಡದೆಯೇ ತಮ್ಮ ಹೆಜ್ಜೆಗಳನ್ನು ಬಣ್ಣದ ಚೌಕಗಳಲ್ಲಿ ಗೆಳೆಯರಿಗೆ ತೋರಿಸಲು ಅವಕಾಶವಿತ್ತು ಲೋಕಪ್ರಿಯವಾಯಿತು. ಇಂದು ಕೈಯಲ್ಲಿಯ ಫೋನಿನಲ್ಲಿ ಅದನ್ನಾಡುವ ಈ ಸೀಮೆಯ ತರುಣರು, ಎಲ್ಲರಿಗೂ ಒಂದೇ ಗೂಢವೆಂಬ ಈ ನಿಯಮವನ್ನು ತಮ್ಮ ಹಿರಿಯರು ಮೈಲಾರದ ಜಾತ್ರೆಯಲ್ಲಿ ಆಗಲೇ ಕಂಡಿದ್ದರೆಂಬುದನ್ನು ಅರಿತಿರಲಿ.

ಅಜ್ಜಿಯರ ಒಗಟುಗಳಾದರೋ ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಕೂರಿಗೆಯನ್ನೇ ಕಾಣದ ಮಗುವಿಗೆ ಕೂರಿಗೆಯ ಒಗಟನ್ನು ಬಿಡಿಸಲು ದಾರಿಯಿಲ್ಲ. ನೀಲಗುಂದದಲ್ಲಿಯೂ ಸುತ್ತಣ ಐದು ತಾಲೂಕುಗಳ ಊರುಗಳಲ್ಲಿಯೂ ಶಾಲೆಯ ಉಪಾಧ್ಯಾಯರು ಮಕ್ಕಳ ಕೈಗೆ ಒಂದೊಂದು ಪುಸ್ತಕವನ್ನು ಕೊಟ್ಟು, ಅವರವರ ಮನೆಯ ಹಿರಿಯ ಹೆಂಗಸರಿಂದ ಕೇಳಿದ ಒಗಟುಗಳನ್ನೂ ಒಡಪುಗಳನ್ನೂ, ಹೇಳಿದವರ ನುಡಿಯಲ್ಲಿಯೇ, ಉತ್ತರಸಹಿತವಾಗಿ ಬರೆದು ತರಿಸಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಈ ತಾಲೂಕುಗಳಿರುವ ಜಿಲ್ಲೆಯಲ್ಲಿಯೇ ಇದೆ. ಬರೆದು ತಂದದ್ದನ್ನು ಒಪ್ಪಿಸಲು ದೂರ ಹೋಗಬೇಕಾಗಿಲ್ಲ. ಈ ಬೇಸಗೆಯ ರಜೆಯಲ್ಲಿಯೇ ಕಾರ್ಯವು ಮೊದಲಾಗಲಿ.