ಕೈಮೇಲಿನ ತೆರೆದ ಬಾಗಿಲು | ಡಯಾಲಿಸಿಸ್ ಕಥೆ

ಡಯಾಲಿಸಿಸ್ ಯಂತ್ರ 1943ರಲ್ಲೇ ಬಂತು, ಗೊತ್ತಾ? ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಕೋಲ್ಫ್ ಮಾಡಿದ್ದು. ಆದ್ರೆ ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕಿತ್ತು. ನಾಳಗಳು ಮುಗಿದ್ರೆ ಚಿಕಿತ್ಸೆಯೂ ಮುಗೀತು.

1960, ಸಿಯಾಟಲ್. ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲೇ ಉಳಿಯೋ ಟೆಫ್ಲಾನ್ ಕೊಳವೆ ತಂದ್ರು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಮುಂದೆ 11 ವರ್ಷ ಬದುಕಿದ್ರು. ಚರ್ಮದಿಂದ ಹೊರಬಂದ ಆ ಕೊಳವೆ ಮಾತ್ರ ಸದಾ ತೆರೆದ ಬಾಗಿಲು. ಕ್ರಿಮಿಗಳಿಗೂ ಅದೇ ದಾರಿ.

1966ರಲ್ಲಿ ನ್ಯೂಯಾರ್ಕ್‌ನ ಬ್ರೆಸಿಯಾ, ಸಿಮಿನೊ ತಂಡ ಬಾಗಿಲು ಮುಚ್ಚೋ ದಾರಿ ತೋರಿಸಿತು. ಕೊಳವೆಯೇ ಬೇಡ, ಕೈಯ ಅಪಧಮನಿಯನ್ನ ಅಭಿಧಮನಿಗೆ ಚರ್ಮದ ಒಳಗೇ ಜೋಡಿಸೋದು. ಅದೇ ಫಿಸ್ಟುಲಾ. ಸೋಂಕು ತುಂಬಾ ಕಡಿಮೆ.

ಫಿಸ್ಟುಲಾ ಬಲಿಯೋಕೆ ವಾರಗಟ್ಟಲೆ ಬೇಕು. ಅಷ್ಟು ಕಾಯೋಕಾಗದವರಿಗೆ ಇವತ್ತೂ ಕುತ್ತಿಗೆಯ ಕ್ಯಾತೆಟರೇ ಗತಿ. ನಿಮ್ಮನೇಲಿ ಯಾರಿಗಾದ್ರೂ ಅದಿದ್ರೆ, ಆ ಜಾಗ ಒದ್ದೆಯಾಗದ ಹಾಗೆ ನೋಡ್ಕೊಳ್ಳಿ. ಚಳಿ ಜ್ವರ ಬಂದ್ರೆ ‘ನಾಳೆ ನೋಡೋಣ’ ಅನ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.