ಕವಡೆಗೆ ಬೆಲೆಯಿದ್ದ ಕಾಲ

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವಾಗ ಆ ಮಾತಿನೊಳಗೇ ‘ಕಾಸು’ ಉಳಿದುಕೊಂಡಿರುವುದನ್ನು ನಾವು ಗಮನಿಸುವುದಿಲ್ಲ. ಪ್ರಶ್ನೆಯಿಡುವ ಜೋಯಿಸರ ಮಣೆಯ ಮೇಲೆ, ಚೌಕಾಬಾರದ ಆಟದಲ್ಲಿ, ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕಾಣುವ ಈ ಪುಟ್ಟ ಚಿಪ್ಪು ಏಷ್ಯಾ ಮತ್ತು ಆಫ್ರಿಕಗಳ ದೊಡ್ಡ ಭಾಗದಲ್ಲಿ ಶತಮಾನಗಳ ಕಾಲ ಹಣವಾಗಿ ನಡೆದಿತ್ತು.

ಕವಡೆಯೆಂದರೆ ಉಷ್ಣವಲಯದ ಕಡಲಿನಲ್ಲಿ, ಹವಳದ ದಿಬ್ಬಗಳ ಆಳವಿಲ್ಲದ ನೀರಿನಲ್ಲಿ ಪಾಚಿ ತಿಂದು ಬದುಕುವ ಒಂದು ಬಸವನಹುಳುವಿನ ಚಿಪ್ಪು. ಜೀವಂತ ಹುಳು ತನ್ನ ಮೈಯ ಪದರವನ್ನು ಚಿಪ್ಪಿನ ಹೊರಮೈಗೂ ಹೊದಿಸಿಕೊಳ್ಳುವುದರಿಂದಲೇ ಅದಕ್ಕೆ ಆ ಹೊಳಪು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ‘ಮೊನೆಟಾ’ ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ಹಣವೆಂದೇ ಅರ್ಥ. ಸುಲಭವಾಗಿ ಸವೆಯದ, ಖೋಟಾ ಮಾಡಲು ಬಾರದ ನಾಣ್ಯವಿದು.

ಇದರ ಟಂಕಸಾಲೆ ಮಾಲ್ಡೀವ್ಸ್ ದ್ವೀಪಗಳು. 1340ರ ದಶಕದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಹುಳುಗಳನ್ನು ಕಡಲಿನಿಂದ ಆಯ್ದು ದಡದ ಗುಂಡಿಗಳಲ್ಲಿ ಹಾಕುವರು. ಮಾಂಸ ಕೊಳೆತುಹೋದ ಮೇಲೆ ಬಿಳಿಯ ಚಿಪ್ಪು ಉಳಿಯುವುದು. ಅದನ್ನು ಬಂಗಾಳಕ್ಕೆ ಕೊಟ್ಟು ಅಕ್ಕಿ ಪಡೆಯುವರು. ಅಲ್ಲಿ ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ. ಮುಂದೆ ಅದೇ ಯಾತ್ರಿಕನು ಪಶ್ಚಿಮ ಆಫ್ರಿಕದ ಮಾಲಿಯಲ್ಲಿ ಕಂಡ ದರ ದೀನಾರಿಗೆ 1,150 ಮಾತ್ರ! ದೂರವೇ ಕವಡೆಗೆ ಬೆಲೆ ಕಟ್ಟುತ್ತಿತ್ತು.

1778ರಲ್ಲಿ ಸಿಲ್ಹೆಟ್‌ಗೆ ಕಲೆಕ್ಟರನಾಗಿ ಬಂದ ರಾಬರ್ಟ್ ಲಿಂಡ್ಸೆಗೆ ಇಡೀ ಜಿಲ್ಲೆಯ ಕಂದಾಯ ಕವಡೆಯಲ್ಲೇ ಸಂದಾಯವಾಗುತ್ತಿತ್ತು. ರೂಪಾಯಿಗೆ 5,120 ಕವಡೆಯಂತೆ ಎರಡೂವರೆ ಲಕ್ಷ ರೂಪಾಯಿ. ಗುಣಿಸಿ ನೋಡುವ ಕೆಲಸವನ್ನು ನಮ್ಮ ಏಳನೆಯ ತರಗತಿಯವರಿಗೆ ಬಿಡಬಹುದಿತ್ತು. ಉತ್ತರ 128 ಕೋಟಿ. ಅಷ್ಟನ್ನೂ ಉಗ್ರಾಣಗಳಲ್ಲಿ ತುಂಬಿಸಿ, ದೋಣಿಗಳಲ್ಲಿ ಢಾಕಾಕ್ಕೆ ಸಾಗಿಸಬೇಕಿತ್ತು.

ಆದರೆ ಇದೇ ಚಿಪ್ಪಿಗೆ ನಾವು ಮಕ್ಕಳಿಗೆ ಹೇಳಲು ಹಿಂಜರಿಯುವ ಇನ್ನೊಂದು ಚರಿತ್ರೆಯೂ ಇದೆ. ಹಡಗು ವಾಲದಂತೆ ತಳದಲ್ಲಿ ಭಾರಕ್ಕೆಂದು ತುಂಬಿಸಿದ ಕವಡೆಯನ್ನು ಡಚ್ಚರೂ ಇಂಗ್ಲಿಷರೂ ಆಮ್‌ಸ್ಟರ್‌ಡಾಮ್, ಲಂಡನ್ನುಗಳಲ್ಲಿ ಹರಾಜು ಹಾಕಿದರು. ಅಲ್ಲಿಂದ ಅದು ಪೀಪಾಯಿಗಳಲ್ಲಿ ಪಶ್ಚಿಮ ಆಫ್ರಿಕದ ವೀಡಾ ಮೊದಲಾದ ರೇವುಗಳಿಗೆ ಹೋಗಿ ಮನುಷ್ಯರನ್ನು ಕೊಳ್ಳುವ ಹಣವಾಯಿತು. ಆಯ್ದವರಿಗೆ ದೊರೆತದ್ದು ಅಕ್ಕಿ. ಮಾರಾಟವಾದವರಿಗೆ ಅಮೆರಿಕದ ಕಬ್ಬಿನ ತೋಟ. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ತಕರು ಪೂರ್ವ ಆಫ್ರಿಕದ ಇನ್ನೊಂದು ಜಾತಿಯ ಅಗ್ಗದ ಕವಡೆಯನ್ನು ಹಡಗುಗಟ್ಟಲೆ ತಂದು ಸುರಿದಾಗ ಈ ಹಣದ ಬೆಲೆಯೇ ಕುಸಿಯಿತು. ಕೂಡಿಟ್ಟವರ ಮನೆಗಳಲ್ಲಿ ಉಳಿದದ್ದು ಚಿಪ್ಪಿನ ರಾಶಿ.

ಇದೆಲ್ಲವೂ ದೂರದ ಸಂಗತಿಯೆಂದು ಕಾಸರಗೋಡಿನ ನಾವು ಭಾವಿಸಬೇಕಾಗಿಲ್ಲ. ಕವಡೆ ಬಾಳುವ ಹವಳದ ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೇತ್ಲತ್, ಬಿತ್ರಗಳು 1799ರಲ್ಲಿ ಟಿಪ್ಪುವಿನ ಪತನಾನಂತರ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಬಂದವು. ಅಲ್ಲಿಯ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ಮರಳಿ ಹೋಗುತ್ತಿತ್ತು. ನಮ್ಮ ತಾಲೂಕೂ ಆ ದ್ವೀಪಗಳೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ದಿನ ಅವು ಕೇಂದ್ರಾಡಳಿತಕ್ಕೆ ಸೇರಿದವು.